ಓದುಗರ ಪ್ರಶ್ನೆ: ರಾತ್ರಿ ತಲೆ ಓಡ್ತಾನೇ ಇರತ್ತೆ, ನಿಲ್ಸೋದು ಹೇಗೆ?

ಪ್ರಶ್ನೆ: "ಮೇಡಂ, ಹಾಸಿಗೆಗೆ ಬಿದ್ದ ಕೂಡ್ಲೇ ತಲೆ ಶುರು ಆಗತ್ತೆ. ಬಾಸ್ ಹಾಗ್ಯಾಕೆ ಅಂದ್ರು, ನಾನು ಹೀಗ್ಯಾಕೆ ಹೇಳ್ದೆ, ಈ ಕೆಲ್ಸಕ್ಕೆ ನಾನು ಲಾಯಕ್ಕಾ ಅಂತ. ಯೋಚನೆ ಮಾಡ್ಲೇಬಾರ್ದು ಅಂದ್ಕೊಂಡ್ರೂ ಆಗ್ತಿಲ್ಲ. ಓವರ್‌ಥಿಂಕಿಂಗ್ ನಿಲ್ಸೋಕೆ ಏನ್ ಮಾಡ್ಲಿ?" (ಡೊಂಬಿವಲಿಯಿಂದ ಒಬ್ರು)

ಮತ್ತೆ ಇದೇ ಬಂತು ಮಾರಾಯ್ರೆ. ಡೊಂಬಿವಲಿ ಒಂದೇ ಅಲ್ಲ, ಮುಲುಂಡ್, ನೆರೂಲ್, ಮೀರಾ ರೋಡ್, ಮುಂಬೈ ಸುತ್ತಮುತ್ತ ಎಲ್ಲಾ ಕಡೆಯಿಂದ ಇದೇ ಪ್ರಶ್ನೆ. ಸೈಕಾಲಜಿ ಪಾಠ ಮಾಡಿ ರಿಟೈರ್ ಆದೋಳು ಅಂತ ಗೊತ್ತಾದ್ರೆ ಸಾಕು, ಸಂಘದ ಕಾರ್ಯಕ್ರಮದಲ್ಲಿ ಊಟದ ಪ್ಲೇಟ್ ಕೈಯಲ್ಲಿ ಇರೋವಾಗ್ಲೇ ಹಿಡ್ಕೊಂಡು ಕೇಳ್ತಾರೆ. ಬೇಜಾರಿಲ್ಲ, ಆದ್ರೆ ಹೇಳಿದ್ದನ್ನೇ ಹೇಳಿ ನನ್ನ ಬಾಯಿ ನೋಯ್ತಿದೆ, ಅದಕ್ಕೆ ಈ ಸಲ ಕೂತು ಪೂರ್ತಿ ಬರೆದೇ ಬಿಡ್ತೀನಿ, ಇನ್ಮೇಲೆ ಕೇಳಿದವ್ರಿಗೆಲ್ಲ ಇದನ್ನೇ ಫಾರ್ವರ್ಡ್ ಮಾಡೋದು.

"ಯೋಚನೆ ಮಾಡ್ಲೇಬಾರ್ದು ಅಂದ್ಕೊಂಡ್ರೂ" ಅಂತ ಬರ್ದಿದ್ದೀರಲ್ಲ, ಎಡವಟ್ಟು ಇರೋದೇ ಅಲ್ಲಿ. ಬಂದ ಯೋಚನೆಯನ್ನ ಮನಸ್ಸಿಂದ ಹೊರಗೆ ತಳ್ಳಿದ್ರೆ ಅದು ಹೋಗತ್ತೆ ಅನ್ನೋ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿ ಅಂದ್ರೆ, ಅಮ್ಮ "ತಲೆಗೆ ಹಚ್ಕೋಬೇಡ" ಅಂತಾರೆ, ಫ್ರೆಂಡ್ "ಬಿಟ್ಹಾಕೋ" ಅಂತಾನೆ, ರೀಲ್ಸಲ್ಲಿ ಯಾವನೋ ಬಂದು "ನೆಗೆಟಿವ್ ಥಾಟ್ಸ್ ಡಿಲೀಟ್ ಮಾಡಿ" ಅಂತಾನೆ, ಮನಸ್ಸು ಏನು ಫೋನಾ ಡಿಲೀಟ್ ಮಾಡೋಕೆ? ಔಷಧಿ ಕುಡಿಯೋವಾಗ ಮಂಗನ್ನ ನೆನೆಸ್ಕೋಬಾರ್ದು ಅಂತ ವೈದ್ಯ ಹೇಳಿದ ಕಥೆ ಅಜ್ಜಿ ಕಾಲದಿಂದ ಕೇಳಿದ್ದೀವಿ, ನಕ್ಕಿದ್ದೀವಿ. ಅದನ್ನೇ ರಾತ್ರಿ ನಮ್ಮ ಮೇಲೆ ನಾವೇ ಪ್ರಯೋಗ ಮಾಡ್ಕೊಳ್ತೀವಿ.

ಕಥೆ ಸಾಲ್ದು ಅನ್ನೋರಿಗೆ ಲ್ಯಾಬ್ ಲೆಕ್ಕ ಕೊಡ್ತೀನಿ. 1987ರಲ್ಲಿ ಅಮೆರಿಕದ ಸೈಕಾಲಜಿಸ್ಟ್ ಡೇನಿಯಲ್ ವೆಗ್ನರ್ ಮತ್ತು ಜೊತೆಯವರು ಕಾಲೇಜು ಹುಡುಗ್ರನ್ನ ಕೂರಿಸಿ, 5 ನಿಮಿಷ ತಲೆಗೆ ಬಂದಿದ್ದನ್ನೆಲ್ಲ ಬಾಯ್ಬಿಟ್ಟು ಹೇಳ್ತಾ ಇರಿ, ಬಿಳಿ ಕರಡಿ ಬಗ್ಗೆ ಮಾತ್ರ ಯೋಚಿಸ್ಬೇಡಿ, ಬಂದ್ರೆ ಬೆಲ್ ಹೊಡೀರಿ ಅಂದ್ರು. ಬೆಲ್ ಬಾರಿಸ್ತಾನೇ ಇದ್ರು. ನಿಜವಾದ ತಮಾಷೆ ಆಮೇಲೆ. "ಸರಿ, ಈಗ ಕರಡಿ ಬಗ್ಗೆ ಯೋಚಿಸಿ" ಅಂತ ಬಿಟ್ಟಾಗ, ಮೊದ್ಲು ತಡೆ ಹಿಡಿದಿದ್ದ ಗುಂಪಿಗೆ, ಶುರುವಿಂದಾನೇ ಯೋಚಿಸಿ ಅಂತ ಹೇಳಿಸ್ಕೊಂಡ ಗುಂಪಿಗಿಂತ ಜಾಸ್ತಿ ಸಲ ಕರಡಿ ಬಂತು. ತಡೆದಿದ್ದು ಬಡ್ಡಿ ಸಮೇತ ವಾಪಸ್.

ಯಾಕೆ ಹೀಗೆ ಅನ್ನೋದಕ್ಕೆ 1994ರಲ್ಲಿ ವೆಗ್ನರ್ ಕೊಟ್ಟ ವಿವರಣೆ ನನಗೆ ಕ್ಲಾಸಲ್ಲಿ ಹೇಳೋಕೆ ಬಹಳ ಇಷ್ಟ ಆಗ್ತಿತ್ತು. ಒಂದು ವಿಷಯ ನೆನಪಾಗಬಾರ್ದು ಅಂದ್ರೆ ಮನಸ್ಸಿನ ಒಂದು ಭಾಗ ಬೇರೆ ಏನನ್ನಾದ್ರೂ ಹುಡುಕಿ ಕೊಡ್ಬೇಕು, ಇನ್ನೊಂದು ಭಾಗ "ಬಂತಾ, ಬಂತಾ" ಅಂತ ಕಾವಲು ಕಾಯ್ಬೇಕು. ಕಾವಲು ಕಾಯೋನಿಗೆ ಯಾರನ್ನ ತಡೀಬೇಕು ಅಂತ ಗೊತ್ತಿರ್ಲೇಬೇಕಲ್ವಾ, ಅಂದ್ರೆ ಆ ವಿಷಯ ಒಳಗೆ ಸದಾ ಎಚ್ಚರಾನೇ ಇರತ್ತೆ. ಮೊದಲನೇ ಭಾಗದ ಕೆಲ್ಸಕ್ಕೆ ಶ್ರಮ ಬೇಕು, ಕಾವಲಿಗೆ ಶ್ರಮ ಬೇಡ. ಎರಡು ಹೊತ್ತು ಲೋಕಲ್ ಟ್ರೇನಲ್ಲಿ ಜೋತಾಡಿ, ಮನೆಗೆ ಬಂದು ಅಡುಗೆ ಮಾಡಿ, ಹನ್ನೊಂದಕ್ಕೆ ಹಾಸಿಗೆಗೆ ಬಿದ್ದಾಗ ಯಾವ ಭಾಗ ಸುಸ್ತಾಗಿರತ್ತೆ, ನೀವೇ ಹೇಳಿ. ರಾತ್ರೀನೇ ಯಾಕೆ ಮೇಡಂ ಅಂತ ಕೇಳ್ತೀರಲ್ಲ, ಇದಕ್ಕೇ.

ಕೈಗೆ ರಬ್ಬರ್ ಬ್ಯಾಂಡ್ ಹಾಕ್ಕೊಂಡು ಯೋಚನೆ ಬಂದಾಗ ಎಳೆದು ಬಿಡೋದು, ಮನಸ್ಸಲ್ಲೇ "ಸ್ಟಾಪ್" ಅಂತ ಕಿರುಚೋದು, ಇದನ್ನ ಒಂದು ಕಾಲಕ್ಕೆ ನಮ್ಮ ಸೈಕಾಲಜಿಯವ್ರೇ ಕಲಿಸ್ತಿದ್ರು, ಒಪ್ಕೋತೀನಿ. ಇವತ್ತಿಗೂ ಅದನ್ನೇ ಮಾರೋರಿದ್ದಾರೆ. ದುಡ್ಡು ಕೊಡ್ಬೇಡಿ. ಧ್ಯಾನ ಅಂದ್ರೆ ತಲೆ ಖಾಲಿ ಮಾಡೋದು ಅಂತ ತಿಳ್ಕೊಂಡು ಎರಡೇ ದಿನಕ್ಕೆ "ನನ್ನಿಂದಾಗಲ್ಲ" ಅಂತ ಬಿಟ್ಟೋರೂ ಇದೇ ಗುಂಡಿಗೆ ಬಿದ್ದಿರೋದು. ವಿಪಶ್ಯನ ಧ್ಯಾನದ ಗೊರಾಯಿ ಪಗೋಡಾಕ್ಕೆ ಹೋಗಿ ಕೇಳಿ, ಉಸಿರು ಗಮನಿಸಿ, ಮನಸ್ಸು ಓಡಿದ್ರೆ ಓಡ್ತು ಅಂತ ನೋಡಿ ವಾಪಸ್ ಕರ್ಕೊಂಡು ಬನ್ನಿ ಅಂತಾರೆ. ಓಡ್ಲೇಬಾರ್ದು ಅಂತ ಯಾರೂ ಹೇಳಲ್ಲ.

ಹಾಗಾದ್ರೆ ಏನು ಮಾಡೋದು? ಯೋಚನೆಗೆ ಟೈಮ್ ಕೊಡಿ. ನಗ್ಬೇಡಿ, 1983ರಲ್ಲೇ ಸೈಕಾಲಜಿಸ್ಟ್ ಥಾಮಸ್ ಬೋರ್ಕೊವೆಕ್ ಮತ್ತವರ ತಂಡ ಇದನ್ನ ಪರೀಕ್ಷೆ ಮಾಡಿದೆ. ದಿನಾ ಅದೇ ಹೊತ್ತು, ಅದೇ ಜಾಗ, ಅರ್ಧ ಗಂಟೆ ಚಿಂತೆ ಮಾಡೋಕೇ ಅಂತ ಇಡಿ, ಬೇರೆ ಹೊತ್ತಲ್ಲಿ ಬಂದ್ರೆ "ಆಮೇಲೆ ಬಾ" ಅಂತ ಮುಂದೂಡಿ. ಹೀಗೆ ಮಾಡಿದವ್ರ ಚಿಂತೆ ನಾಲ್ಕು ವಾರದಲ್ಲಿ ಕಮ್ಮಿ ಆಯ್ತು. ಬೇಡ ಅನ್ನೋದಕ್ಕೂ ಆಮೇಲೆ ಅನ್ನೋದಕ್ಕೂ ಅಜಗಜಾಂತರ, ಆಮೇಲೆ ಅಂದಾಗ ಕಾವಲು ಕಾಯೋ ಕೆಲ್ಸ ಇರಲ್ಲ. "ಒನ್ ರೂಮ್ ಕಿಚನ್‌ನಲ್ಲಿ ಅತ್ತೆ, ಮಾವ, ಮಗು, ಟಿವಿ, ಚಿಂತೆ ಮಾಡೋಕೆ ಜಾಗ ಎಲ್ಲಿ" ಅಂತ ಒಬ್ರು ಕೇಳಿದ್ರು, ನ್ಯಾಯವಾದ ಪ್ರಶ್ನೆ. ಸಂಜೆ ಫಾಸ್ಟ್ ಲೋಕಲ್ ದಾದರ್‌ನಿಂದ ಠಾಣೆಗೆ ಹೆಚ್ಚುಕಮ್ಮಿ ಅರ್ಧ ಗಂಟೆ, ಅದೇ ನಿಮ್ಮ ಜಾಗ. ಸೀಟ್ ಸಿಗದಿದ್ರೂ ಪರ್ವಾಗಿಲ್ಲ, ನಿಂತ್ಕೊಂಡೇ ಫೋನಿನ ನೋಟ್ಸಲ್ಲಿ ಟೈಪ್ ಮಾಡಿ. ಠಾಣೆ ಬಂತು, ಮುಗೀತು. ಹಾಸಿಗೆ ಮಾತ್ರ ಬೇಡ.

ಬರೆಯೋವಾಗ ಒಂದು ಕಂಡೀಷನ್. "ನಾನ್ಯಾಕೆ ಹೀಗೆ" ಅಂತ ಬರೀಬೇಡಿ, "ನಾಳೆ ಏನು ಮಾಡ್ಲಿ" ಅಂತ ಬರೀರಿ. ಮೊದಲನೇದು ಖಾಲಿ ಜಾರ್ ಇಟ್ಟು ಮಿಕ್ಸಿ ಓಡಿಸಿದ ಹಾಗೆ, ಸೌಂಡ್ ಜೋರು, ಚಟ್ನಿ ಇಲ್ಲ. ನನ್ನ ಹಳೇ ಸ್ಟೂಡೆಂಟ್ ಒಬ್ಬನಿಗೆ ರಾತ್ರಿ ಬಾಸಿಂದ "ನಾಳೆ ಮಾತಾಡೋಣ" ಅಂತ ಮೆಸೇಜ್ ಬಂತು. ಎರಡೇ ಪದ, ಇಮೋಜಿ ಇಲ್ಲ. ಅವನು ಹಳೇ ಚಾಟ್ ಮೇಲಕ್ಕೆ ಸ್ಕ್ರೋಲ್ ಮಾಡಿ ಮೊದ್ಲೆಲ್ಲ ಥಂಬ್ಸ್‌ಅಪ್ ಹಾಕ್ತಿದ್ರು, ಈಗ ಹಾಕಿಲ್ಲ ಅಂತ ಲೆಕ್ಕ ಹಾಕಿ, ಲಾಸ್ಟ್ ಸೀನ್ ನೋಡಿ, ಎರಡು ಗಂಟೆ ತನಕ ಕೂತು ಕೆಲಸ ಹೋದ್ರೆ ಇಎಂಐ ಹೇಗೆ ಅಂತ ಪ್ಲಾನ್ ಮಾಡಿದ. ಬೆಳಿಗ್ಗೆ ಬಾಸ್ ಕೇಳಿದ್ದು ಗಣಪತಿ ಹಬ್ಬಕ್ಕೆ ಊರಿಗೆ ಯಾವತ್ತು ಹೋಗ್ತೀಯ, ರಜೆ ಲಿಸ್ಟ್ ಕೊಡು ಅಂತ. "ನಾಳೆ ಹತ್ತಕ್ಕೆ ಕಾಲ್ ಮಾಡ್ತೀನಿ" ಅಂತ ಒಂದು ಲೈನ್ ಬರ್ದಿಟ್ಟು ಮಲಗಿದ್ರೆ ಆಗ್ತಿತ್ತು. ಮಲಗೋ ಮುಂಚೆ 5 ನಿಮಿಷ ನಾಳೆಯ ಕೆಲಸಗಳ ಪಟ್ಟಿ ಬರೆದವ್ರು, ಮುಗಿಸಿದ ಕೆಲಸ ಬರೆದವ್ರಿಗಿಂತ ಸರಾಸರಿ 9 ನಿಮಿಷ ಬೇಗ ನಿದ್ದೆ ಹೋದ್ರು ಅಂತ ಬೇಲರ್ ಯೂನಿವರ್ಸಿಟಿಯ 2018ರ ಅಧ್ಯಯನದಲ್ಲಿದೆ. ಅದರಲ್ಲಿ ಇದ್ದಿದ್ದು 57 ಜನ, ಸಣ್ಣ ಅಧ್ಯಯನ, ಆದ್ರೆ ನಿಮಗೆ ಖರ್ಚೇನು, ಒಂದು ಪೆನ್ನು.

ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರಲ್ಲ, ಬದುಕೋದೇ ಬೇಡ ಅನ್ನಿಸ್ತಿದೆ ಅನ್ನೋರಿಗೆ ಮೇಲಿನದ್ದು ಸಾಲ್ದು. 14416ಕ್ಕೆ ಫೋನ್ ಮಾಡಿ, ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರಿಂದ ಇದೆ, ಫ್ರೀ, ಕನ್ನಡದಲ್ಲೂ ಮಾತಾಡ್ಬಹುದು. ಡಾಕ್ಟ್ರನ್ನೂ ನೋಡಿ.

ಇನ್ನು "ನಾನು ಲಾಯಕ್ಕಾ" ಅನ್ನೋದು. ಕಾನ್ಫಿಡೆನ್ಸ್ ಬಂದ ಮೇಲೆ ಮಾಡ್ತೀನಿ ಅಂತ ಕಾಯೋರು ಕಾಯ್ತಾನೇ ಇರ್ತಾರೆ. ಸೈಕಾಲಜಿಸ್ಟ್ ಆಲ್ಬರ್ಟ್ ಬಂಡೂರಾ 1977ರಲ್ಲೇ ಹೇಳಿದ್ದು, ನನ್ನಿಂದ ಆಗತ್ತೆ ಅನ್ನೋ ನಂಬಿಕೆ ಬರೋದು ಎಲ್ಲಕ್ಕಿಂತ ಜಾಸ್ತಿ ತಾನೇ ಮಾಡಿ ಮುಗಿಸಿದ ಕೆಲಸದಿಂದ, ಪಕ್ಕದವ್ರು ಬೆನ್ನು ತಟ್ಟೋದರಿಂದ ಬರೋದು ಕಮ್ಮಿ. ಸಣ್ಣದು ಒಂದು ಮುಗ್ಸಿ, ಸಾಕು.

ಇನ್ನೊಂದು ವಿಷಯ, ಇದನ್ನ ಯಾರೂ ಕೇಳಿಲ್ಲ, ಆದ್ರೂ ಹೇಳ್ತೀನಿ. ನಮ್ಮೂರ ಕಡೆಯಿಂದ ಇಲ್ಲಿಗೆ ಬಂದ ಮಕ್ಕಳಿಗೆ ಅರ್ಧ ಸೆಲ್ಫ್ ಡೌಟ್ ಭಾಷೆಯದ್ದು. ಹಿಂದಿಯಲ್ಲಿ ಪುಲ್ಲಿಂಗ ಸ್ತ್ರೀಲಿಂಗ ಅದಲುಬದಲು, ಮರಾಠಿ ತರಕಾರಿ ಅಂಗಡಿ ದಾಟಲ್ಲ, ಮೀಟಿಂಗಲ್ಲಿ ಬಾಯಿ ಬಿಟ್ರೆ ಎಲ್ಲ ನಗ್ತಾರೆ ಅಂತ. 2000ದಲ್ಲಿ ಕಾರ್ನೆಲ್ ಯೂನಿವರ್ಸಿಟಿಯ ಥಾಮಸ್ ಗಿಲೋವಿಚ್ ಅವರು ಹಾಡುಗಾರ ಬ್ಯಾರಿ ಮ್ಯಾನಿಲೋ ಮುಖ ಇರೋ ಟೀ ಶರ್ಟ್ ಹಾಕಿಸಿ, ಅಂದ್ರೆ ಆ ಹುಡುಗ್ರಿಗೆ ಮರ್ಯಾದೆ ಹೋಗೋ ಅಂಥ ಶರ್ಟ್, ಒಬ್ಬೊಬ್ರನ್ನೇ ಬೇರೆ ಹುಡುಗ್ರು ಕೂತಿದ್ದ ರೂಮಿಗೆ ಕಳಿಸಿದ್ರು. ಹೆಚ್ಚುಕಮ್ಮಿ ಅರ್ಧ ಜನ ಗಮನಿಸಿರ್ತಾರೆ ಅಂತ ಹಾಕ್ಕೊಂಡವ್ರ ಅಂದಾಜು, ಗಮನಿಸಿದ್ದು ಕಾಲು ಭಾಗ. ಮುಂಬೈ ಮೀಟಿಂಗಲ್ಲಿ ಅಷ್ಟೂ ಇರಲ್ಲ ಅಂತ ನನ್ನ ಅಂದಾಜು, ಎದುರು ಕೂತ ಮಲಯಾಳಿಗೆ ತನ್ನ ಹಿಂದಿಯ ಚಿಂತೆ, ಪಕ್ಕದ ಗುಜರಾತಿಗೆ ತನ್ನ ಇಂಗ್ಲಿಷಿನ ಚಿಂತೆ, ಮರಾಠಿಯವನಿಗೆ 6.10ರ ಅಂಬರನಾಥ್ ಫಾಸ್ಟ್ ಸಿಗತ್ತೋ ಇಲ್ವೋ ಅಂತ ಚಿಂತೆ, ನಿಮ್ಮ ಲಿಂಗ ತಪ್ಪನ್ನ ಯಾರು ಲೆಕ್ಕ ಇಡ್ತಾರೆ.

ಮುಂದಿನ ಸಲ ಹತ್ತನೇ ಕ್ಲಾಸ್ ಮಕ್ಕಳ ಎಕ್ಸಾಂ ಭಯದ್ದು ಬರೀತೀನಿ, ಆ ಪ್ರಶ್ನೆಗಳು ಕಳಿಸಿ. ಓವರ್‌ಥಿಂಕಿಂಗ್ ನಿಲ್ಸೋದು ಹೇಗೆ ಅಂತ ಇನ್ನೊಬ್ರು ಕಳಿಸಿದ್ರೆ ನಾನು ಉತ್ತರ ಕೊಡಲ್ಲ ನೋಡಿ.