ಬಾಯಿಂದ ನೀರು ಕುಡಿಯದ ಜೀವ

ಹೋದ ವರ್ಷ ಕೃತ್ತಿಕೆ ಮಳೆ ಹೊಯ್ದ ಮಾರನೆಯ ಬೆಳಿಗ್ಗೆ ಪಕ್ಕದ ಮನೆ ಹುಡುಗ ಏದುಸಿರು ಬಿಡುತ್ತಾ ಬಂದ. "ಮೇಷ್ಟ್ರೇ, ಗದ್ದೇಲಿ ಅರಿಶಿನ ಬಳ್ಕೊಂಡಿರೋ ಕಪ್ಪೆ ಅವೆ, ಬನ್ನಿ!" ಪಾಂಡವಪುರದ ಹತ್ತಿರ ನಮ್ಮೂರು. ಮನೆ ಹಿಂದಿನ ಗದ್ದೆಯಲ್ಲಿ ರಾತ್ರಿಯ ಮಳೆ ನೀರು ನಿಂತಿತ್ತು. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಗಂಡು ಕಪ್ಪೆಗಳು. ಮೈಯೆಲ್ಲ ನಿಂಬೆಹಣ್ಣಿನ ಹಳದಿ. ಒಂದೊಂದು ಸಲ ಕೂಗಿದಾಗಲೂ ಗಂಟಲಿನ ಎರಡೂ ಕಡೆ ಕಡುನೀಲಿ ಚೀಲ ಉಬ್ಬುತ್ತಿತ್ತು. ಹುಡುಗ ಒಂದನ್ನು ಹಿಡಿಯಲು ಕೈ ಚಾಚಿದ. ಬದುವಿನ ಮೇಲೆ ನಿಂತಿದ್ದ ಅವನ ಅಜ್ಜಿ ಕೂಗಿಕೊಂಡರು: "ಮುಟ್ಟಬ್ಯಾಡ ಕಣ್ಲಾ, ಉಚ್ಚೆ ಹುಯ್ದ್‌ಬುಟ್ರೆ ನರೂಲಿ ಆಯ್ತವೆ!"

ಮೊದಲು ಹಳದಿಯ ವಿಚಾರ. ಮಳೆಗಾಲ ಬಂತೆಂದರೆ ಈ ಕಪ್ಪೆಗಳ ವಿಡಿಯೊ ವಾಟ್ಸಾಪಿನಲ್ಲಿ ಹರಿದಾಡುತ್ತದೆ. ವಿದೇಶದಿಂದ ಬಂದವು, ವಿಷದವು ಅಂತ ಕೆಳಗೆ ಬರೆದಿರುತ್ತಾರೆ. ಅದು ಸುಳ್ಳು. ವರ್ಷವಿಡೀ ನಾವು ನೋಡುವ, ನಮ್ಮ ಗದ್ದೆಗಳದೇ ದೊಡ್ಡ ಕಪ್ಪೆ ಅದು. ಹೆಣ್ಣನ್ನು ಕರೆಯುವ ಕೆಲವೇ ದಿನ ಗಂಡಿಗೆ ಈ ಬಣ್ಣ ಬರುತ್ತದೆ. ಆಮೇಲೆ ಮತ್ತೆ ಹಸಿರುಕಂದು.

ಇನ್ನು ನರೂಲಿ. ಅದನ್ನು ತರುವುದು ಮನುಷ್ಯರಿಂದ ಮನುಷ್ಯರಿಗೆ ಹರಡುವ ಒಂದು ವೈರಸ್. ಕಪ್ಪೆಯ ಉಚ್ಚೆಗೂ ಅದಕ್ಕೂ ಸಂಬಂಧವಿಲ್ಲ. ಬಚ್ಚಲ ಹತ್ತಿರ ಕೂರುವ ಒರಟು ಮೈಯ ಕಪ್ಪೆಯ ಕಣ್ಣಿನ ಹಿಂದೆ ವಿಷದ ಗ್ರಂಥಿ ಇರುವುದು ನಿಜ. ಅದನ್ನು ಮುಟ್ಟಿದ ಕೈಯಲ್ಲಿ ಕಣ್ಣುಜ್ಜಿಕೊಂಡರೆ ಉರಿಯುತ್ತದೆ. ಕೈ ತೊಳೆದುಕೊಂಡರೆ ಮುಗಿಯಿತು. ನಮ್ಮ ಕೈಯಿಂದ ಕಪ್ಪೆಗೆ ಆಗುವ ಕೆಡುಕು ಇದಕ್ಕಿಂತ ಬಹಳ ದೊಡ್ಡದು. ಅದನ್ನು ಅಜ್ಜಿಗೆ ಯಾರೂ ಹೇಳಿರಲಿಲ್ಲ.

ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಅದರ ಹೊಟ್ಟೆಯ ಕೆಳಭಾಗದಲ್ಲಿ, ತೊಡೆ ಸಂದಿಯ ಹತ್ತಿರ, ಚರ್ಮ ತುಂಬಾ ತೆಳು. ಅದರ ಹಿಂದೆಯೇ ರಕ್ತನಾಳಗಳು ಒತ್ತೊತ್ತಾಗಿವೆ. ಬಾಯಾರಿದಾಗ ಕಪ್ಪೆ ಹಿಂಗಾಲು ಅಗಲಿಸಿ ಆ ಜಾಗವನ್ನು ಒದ್ದೆ ಮಣ್ಣಿಗೆ ಒತ್ತಿಕೊಂಡು ಕೂರುತ್ತದೆ. ನೀರು ತಾನಾಗಿ ಒಳಗೆ ಇಳಿಯುತ್ತದೆ. ಉಸಿರಾಟದಲ್ಲೂ ಚರ್ಮಕ್ಕೆ ದೊಡ್ಡ ಪಾಲಿದೆ. ಶ್ವಾಸಕೋಶ ಇದ್ದರೂ ಇಂಗಾಲದ ಡೈಆಕ್ಸೈಡಿನ ಬಹುಪಾಲು ಹೊರಹೋಗುವುದು ಮೈಯಿಂದಲೇ.

ಮಣ್ಣಿನ ಹೂಜಿಯನ್ನು ನೆನೆಸಿಕೊಳ್ಳಿ. ಅದರ ಮೈಯಿಂದ ನೀರು ಜಿನುಗುತ್ತದೆ. ಆದರೆ ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಅನ್ನುವುದು ಹೂಜಿಗೆ ಗೊತ್ತಿಲ್ಲ. ಕಪ್ಪೆಯ ಚರ್ಮಕ್ಕೆ ಗೊತ್ತು. ನಮ್ಮ ನಾಲೆಗಳಲ್ಲಿ ನೀರುಗಂಟಿ ಇರುತ್ತಾನಲ್ಲ, ಹಾಗೆ. ಯಾವ ತೂಬು ಎಷ್ಟು ಹೊತ್ತು ತೆಗೆಯಬೇಕು ಅನ್ನುವುದು ಅವನ ಕೆಲಸ. ಕಪ್ಪೆಯ ಮೈತುಂಬಾ ಇಂಥ ಲಕ್ಷಾಂತರ ನೀರುಗಂಟಿಗಳಿವೆ. ಒಂದೊಂದು ಜೀವಕೋಶವೂ ಒಬ್ಬ ನೀರುಗಂಟಿ.

ಕೆರೆಯ ನೀರಿನಲ್ಲಿ ಉಪ್ಪು ಕಡಿಮೆ, ಕಪ್ಪೆಯ ರಕ್ತದಲ್ಲಿ ಜಾಸ್ತಿ. ಹಾಗಾಗಿ ನೀರು ಒಳಗೆ ನುಗ್ಗುತ್ತಲೇ ಇರುತ್ತದೆ, ಉಪ್ಪು ಹೊರಗೆ ಜಾರುತ್ತಲೇ ಇರುತ್ತದೆ. ನೀರಿನಲ್ಲಿರುವ ಕಪ್ಪೆ ದಿನವಿಡೀ ತೆಳ್ಳಗೆ ಉಚ್ಚೆ ಹೊಯ್ದು ಹೆಚ್ಚಿನ ನೀರನ್ನು ಕಳೆಯುತ್ತದೆ. ಕಳೆದುಹೋದ ಉಪ್ಪನ್ನು ಮಾತ್ರ ವಾಪಸ್ ಎಳೆದುಕೊಳ್ಳಲೇಬೇಕು. ಇಳಿಜಾರಿನಲ್ಲಿ ನೀರು ತಾನೇ ಹರಿಯುತ್ತದೆ. ಮೇಲಿನ ಹೊಲಕ್ಕೆ ಹತ್ತಿಸಬೇಕಾದರೆ ಏತ ಹೊಡೆಯಬೇಕು, ಮೈ ಬಗ್ಗಿಸಬೇಕು. ಕಪ್ಪೆಯ ಚರ್ಮ ಹಗಲೂ ರಾತ್ರಿ ಉಪ್ಪಿನಲ್ಲಿರುವ ಸೋಡಿಯಂಗೆ ಏತ ಹೊಡೆಯುತ್ತಿರುತ್ತದೆ. ತಿಂದ ಹುಳುವಿನ ಶಕ್ತಿಯಲ್ಲಿ ಒಂದು ಪಾಲು ಇದಕ್ಕೇ ಹೋಗುತ್ತದೆ.

ಇದನ್ನು ಅಳೆದು ತೋರಿಸಿದವರು ಡೆನ್ಮಾರ್ಕಿನ ಹಾನ್ಸ್ ಉಸ್ಸಿಂಗ್. 1951ರಲ್ಲಿ ಅವರು ಸಹೋದ್ಯೋಗಿಯೊಬ್ಬರ ಜೊತೆ ಪ್ರಕಟಿಸಿದ ಪ್ರಯೋಗ ಎಷ್ಟು ಸರಳ ನೋಡಿ. ಒಂದು ಡಬ್ಬಿಗೆ ಮಧ್ಯದಲ್ಲಿ ಕಪ್ಪೆ ಚರ್ಮದ ಗೋಡೆ. ಎರಡೂ ಕಡೆ ಒಂದೇ ಉಪ್ಪುನೀರು. ಆದರೂ ಸೋಡಿಯಂ ಚರ್ಮದ ಹೊರಬದಿಯಿಂದ ಒಳಬದಿಗೆ ಸಾಗುತ್ತಲೇ ಇತ್ತು. ಸೋಡಿಯಂ ಕಣ ವಿದ್ಯುತ್ತನ್ನು ಹೊತ್ತೇ ಸಾಗುತ್ತದೆ, ಆ ವಿದ್ಯುತ್ತನ್ನು ಅವರು ಮೀಟರಿನಲ್ಲಿ ಓದಿದರು. ನಮ್ಮ ಮೂತ್ರಪಿಂಡ ಉಪ್ಪನ್ನು ಹೇಗೆ ಉಳಿಸಿಕೊಳ್ಳುತ್ತದೆ, ಕರುಳು ಹೇಗೆ ಹೀರುತ್ತದೆ ಅನ್ನುವುದನ್ನು ಅರಿಯಲು ಈ ಡಬ್ಬಿಯೇ ದಾರಿಯಾಯಿತು. ಇವತ್ತಿಗೂ ಪ್ರಯೋಗಾಲಯಗಳಲ್ಲಿ ಅದಕ್ಕೆ ಉಸ್ಸಿಂಗ್ ಹೆಸರೇ ಇದೆ.

ಈಗ ನಮ್ಮ ಮನೆಗಳಲ್ಲಿ ನಡೆಯುವುದನ್ನು ನೋಡಿ. ಬಚ್ಚಲಿಗೆ ಕಪ್ಪೆ ಬಂತು ಅಂತ ಒಂದು ಹಿಡಿ ಉಪ್ಪು ಎರಚುತ್ತೇವೆ. ಉಪ್ಪಿನಕಾಯಿಗೆ ಹೆಚ್ಚಿಟ್ಟ ಮಾವಿನಕಾಯಿಗೆ ಉಪ್ಪು ಹಾಕಿದರೆ ನೀರು ಬಿಟ್ಟುಕೊಳ್ಳುತ್ತದೆ ಅಲ್ವಾ? ಜೀವಂತ ಕಪ್ಪೆಗೆ ಆಗುವುದೂ ಅದೇ. ಮಳೆ ಬರಲೆಂದು ಕೆಲವು ಕಡೆ ಕಪ್ಪೆ ಮದುವೆ ಮಾಡಿ ಮೈಗೆ ಅರಿಶಿನ ಕುಂಕುಮ ಬಳಿಯುತ್ತಾರೆ. ಅದು ಕುಡಿಯುವ ಬಾಯಿಗೆ, ಉಸಿರಾಡುವ ಮೂಗಿಗೆ ಬಣ್ಣ ಮೆತ್ತಿದ ಹಾಗೆ. ನಮ್ಮ ಕಡೆ ಮಕ್ಕಳು ಮಣ್ಣಿನಲ್ಲಿ ಮಳೆರಾಯನನ್ನು ಮಾಡಿ ತಲೆ ಮೇಲೆ ಹೊತ್ತು ಮನೆಮನೆಗೆ ಹೋಗುವ ಪದ್ಧತಿ ಎಷ್ಟೋ ಮೇಲು. ಅದರಲ್ಲಿ ಯಾವ ಜೀವಕ್ಕೂ ನೋವಿಲ್ಲ.

ಕಪ್ಪೆಗಳ ಬಹು ದೊಡ್ಡ ಶತ್ರುವೊಂದು ಕೂಡ ಬಂದದ್ದು ಚರ್ಮದ ಮೇಲೆಯೇ. ಕೈಟ್ರಿಡ್ ಎಂಬ ಶಿಲೀಂಧ್ರ ಅದು, ನೀರಿನಲ್ಲಿ ಈಜುವ ಬೂಷ್ಟು. 1980ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲೂ ಮಧ್ಯ ಅಮೆರಿಕದಲ್ಲೂ ಕಾಡಿನ ಕಪ್ಪೆಗಳು ಇದ್ದಕ್ಕಿದ್ದಂತೆ ಕಾಣೆಯಾದವು. ಯಾರೂ ಮರ ಕಡಿದಿರಲಿಲ್ಲ, ಕೆರೆ ಮುಚ್ಚಿರಲಿಲ್ಲ. ಕೈಟ್ರಿಡ್ ಪತ್ತೆಯಾದದ್ದು 1990ರ ದಶಕದ ಕೊನೆಗೆ. ಅದು ಹೇಗೆ ಕೊಲ್ಲುತ್ತದೆ ಅನ್ನುವುದು 2009ರಲ್ಲಿ ತಿಳಿಯಿತು. ಅದು ನೀರುಗಂಟಿಗಳ ಕೈ ಕಟ್ಟಿಹಾಕುತ್ತದೆ. ಏತ ನಿಲ್ಲುತ್ತದೆ. ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಇಳಿಯುತ್ತಾ ಬಂದು ಕೊನೆಗೆ ಹೃದಯ ನಿಲ್ಲುತ್ತದೆ. ಸಾಯುತ್ತಿದ್ದ ಕಪ್ಪೆಗಳಿಗೆ ಲವಣದ ದ್ರಾವಣ ಕುಡಿಸಿದಾಗ ಅವು ಇನ್ನಷ್ಟು ಗಂಟೆ ಬದುಕಿದವು. ಭೇದಿಯಾದ ಮಗುವಿಗೆ ನಾವು ಓಆರ್‌ಎಸ್ ಕೊಡುತ್ತೇವಲ್ಲ, ಅದೇ ತರ್ಕ. 2019ರ ಲೆಕ್ಕದಂತೆ ಈ ರೋಗದಿಂದ ಕನಿಷ್ಠ 501 ಪ್ರಭೇದಗಳು ಕುಸಿದಿವೆ, ಅವುಗಳಲ್ಲಿ 90 ಅಳಿದೇಹೋಗಿವೆ ಅಂತ ನಂಬಲಾಗಿದೆ. ಪಶ್ಚಿಮಘಟ್ಟದ ಕಪ್ಪೆಗಳ ಮೇಲೂ ಈ ಶಿಲೀಂಧ್ರ ಸಿಕ್ಕಿದೆ. ಅಂಥ ಸಾಮೂಹಿಕ ಸಾವು ಮಾತ್ರ ಇಲ್ಲಿ ದಾಖಲಾಗಿಲ್ಲ.

ಕಪ್ಪೆ ಎಣಿಸುವುದು ಕಪ್ಪೆ ತೂಗುವಷ್ಟೇ ಕಷ್ಟ. ಆದರೂ ಎಣಿಸಿದ್ದಾರೆ. 2023ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆ ಕಪ್ಪೆಯೂ ಸೇರಿದ 8,011 ಉಭಯವಾಸಿ ಪ್ರಭೇದಗಳನ್ನು ನೋಡಿತು. ಶೇಕಡಾ 41ರಷ್ಟು ಅಳಿವಿನ ಅಂಚಿನಲ್ಲಿವೆ. ಸಸ್ತನಿಗಳಲ್ಲಿ ಇದು ಸುಮಾರು 27, ಹಕ್ಕಿಗಳಲ್ಲಿ 13. ಹುಲಿಗೆ, ಕೊಕ್ಕರೆಗೆ ಮಿಡಿಯುವ ನಮ್ಮ ಮನಸ್ಸು ಕಪ್ಪೆಗೂ ಮಿಡಿಯಬೇಕಿತ್ತು.

ನಮ್ಮ ಹಳದಿ ಕಪ್ಪೆ ಆ ಪಟ್ಟಿಯಲ್ಲಿಲ್ಲ. ಆದರೆ ಒಂದು ಕಾಲಕ್ಕೆ ಇದರ ಕಾಲುಗಳನ್ನು ಟನ್ನುಗಟ್ಟಲೆ ಕತ್ತರಿಸಿ ಯೂರೋಪು, ಅಮೆರಿಕಕ್ಕೆ ಕಳಿಸುತ್ತಿದ್ದೆವು. ಹುಳ ತಿನ್ನುವ ಕಪ್ಪೆಯನ್ನು ಮಾರಿ, ಹುಳಕ್ಕೆ ಹೊಡೆಯುವ ಔಷಧಿಯನ್ನು ಕೊಂಡೆವು. 1987ರಲ್ಲಿ ಭಾರತ ಆ ರಫ್ತನ್ನು ನಿಲ್ಲಿಸಿತು.

ಈಗಿನ ಚಿಂತೆ ಬೇರೆ. ಮಂಡ್ಯದಲ್ಲಿ ಕಬ್ಬು ನೆಟ್ಟವರಿಗೆಲ್ಲ ಅಟ್ರಾಜಿನ್ ಗೊತ್ತು, ಕಳೆ ಹುಟ್ಟುವ ಮೊದಲೇ ಹೊಡೆಯುವ ಪುಡಿ. ಅಮೆರಿಕದ ಟೈರೋನ್ ಹೇಯ್ಸ್ ಎಂಬ ವಿಜ್ಞಾನಿ ಲೀಟರಿಗೆ 2.5 ಮೈಕ್ರೋಗ್ರಾಂ ಅಟ್ರಾಜಿನ್ ಇರುವ ನೀರಿನಲ್ಲಿ 40 ಗಂಡು ಕಪ್ಪೆಗಳನ್ನು ಬೆಳೆಸಿದರು. ನೂರಕ್ಕೆ ಹತ್ತು ಗಂಡುಗಳು ಹೆಣ್ಣಾಗಿ ಮೊಟ್ಟೆಯನ್ನೂ ಇಟ್ಟವು ಅಂತ 2010ರಲ್ಲಿ ವರದಿ ಮಾಡಿದರು. ಆ ಪ್ರಮಾಣ ಎಷ್ಟು ಕಡಿಮೆ ಗೊತ್ತಾ? ಒಂದೇ ಒಂದು ಗ್ರಾಂ ಅಟ್ರಾಜಿನ್ ಹತ್ತು ಸಾವಿರ ಲೀಟರಿನ 40 ಟ್ಯಾಂಕರ್ ನೀರಿಗೆ ಸಾಕು. ಬೇರೆ ಪ್ರಯೋಗಾಲಯಗಳಲ್ಲಿ ಇದೇ ಫಲಿತಾಂಶ ಸಿಗಲಿಲ್ಲ, ಜಗಳ ಇನ್ನೂ ಮುಗಿದಿಲ್ಲ. ಯೂರೋಪಿನ ದೇಶಗಳು ಅದಕ್ಕೆ ಮೊದಲೇ ಇದನ್ನು ಬಿಟ್ಟಿದ್ದವು, ಕುಡಿಯುವ ನೀರಿಗೆ ಸೇರುತ್ತದೆ ಅಂತ. ಮೈಯಿಂದಲೇ ನೀರು ಕುಡಿಯುವ ಜೀವದ ವಿಷಯದಲ್ಲಿ ನಾನು ಎಚ್ಚರದ ಪರ. ನನ್ನ ಕಬ್ಬಿಗೆ ಮೂರು ವರ್ಷದಿಂದ ಕಳೆ ಕೀಳಿಸುತ್ತಿದ್ದೇನೆ. ಕೂಲಿ ಜಾಸ್ತಿ ಆಗುತ್ತದೆ, ನಿಜ.

ಇನ್ನೊಂದು ಕಣ್ಣಾರೆ ಕಂಡದ್ದು. ಕೃಷಿ ಹೊಂಡಗಳಿಗೆ ಹಾಸುವ ಕಪ್ಪು ಪ್ಲಾಸ್ಟಿಕ್ ಹಾಳೆ ಗಾಜಿನ ಹಾಗೆ ಜಾರುತ್ತದೆ. ಒಳಗೆ ಬಿದ್ದ ಕಪ್ಪೆ ಹತ್ತುತ್ತದೆ, ಜಾರುತ್ತದೆ, ಮತ್ತೆ ಹತ್ತುತ್ತದೆ. ಎರಡು ದಿನ ಆದಮೇಲೆ ತೇಲುತ್ತದೆ. ನಮ್ಮ ಹೊಂಡದ ಒಂದು ಮೂಲೆಗೆ ಹಳೆ ಗೋಣಿಚೀಲಗಳನ್ನು ಹೊಲಿದು ಇಳಿಬಿಟ್ಟೆ. ಆ ರಾತ್ರಿಯೇ ಟಾರ್ಚ್ ಹಾಕಿ ನೋಡಿದರೆ ಚೀಲದ ಮೇಲೆ ನಾಲ್ಕು ಕಪ್ಪೆ.

ದೊಡ್ಡ ಪ್ರಯತ್ನಗಳೂ ಹೀಗೇ ಸರಳವಾಗಿರಬಹುದು. ಕೈಟ್ರಿಡ್‌ಗೆ ಬಿಸಿ ಆಗುವುದಿಲ್ಲ. 30 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಅದು ಸೊರಗುತ್ತದೆ. ಆಸ್ಟ್ರೇಲಿಯಾದ ವಿಜ್ಞಾನಿಗಳು ತೂತಿರುವ ಇಟ್ಟಿಗೆಗಳಿಗೆ ಕಪ್ಪು ಬಣ್ಣ ಬಳಿದು, ಪುಟ್ಟ ಹಸಿರುಮನೆಯೊಳಗೆ ಜೋಡಿಸಿ ಬಿಸಿಲಿಗಿಟ್ಟರು. ರೋಗದ ಕಪ್ಪೆಗಳು ತಾವೇ ಹೋಗಿ ಆ ಬೆಚ್ಚನೆಯ ತೂತುಗಳಲ್ಲಿ ಕೂತವು. ಬೂಷ್ಟು ಹೋಯಿತು. ಹಾಗೆ ವಾಸಿಯಾದವು ಎರಡನೆಯ ಸಲ ಸೋಂಕು ತಗುಲಿದಾಗ ಜಾಸ್ತಿ ತಡೆದುಕೊಂಡವು. 2024ರಲ್ಲಿ ಈ ಸುದ್ದಿ ಓದಿದ ದಿನ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಗದ್ದೆಗೆ ವಾಪಸ್ ಬರುತ್ತೇನೆ. ಹುಡುಗನಿಗೆ ಮೊದಲು ಕೈ ಒದ್ದೆ ಮಾಡಿಕೋ ಅಂದೆ. ಅಜ್ಜಿ ಬೇಡ ಬೇಡ ಅನ್ನುತ್ತಿದ್ದ ಹಾಗೆಯೇ ಅವನು ಒಂದನ್ನು ಎತ್ತಿಕೊಂಡ. ಅದು ಅಂಗೈ ತುಂಬಾ ಉಚ್ಚೆ ಹೊಯ್ಯಿತು. ಅವನು ಬೆಚ್ಚಿ ನನ್ನ ಮುಖ ನೋಡಿದ. "ಅದು ಬರೀ ನೀರು ಕಣೋ" ಅಂದೆ. ಒಣ ದಿನಗಳಿಗೆ ಅಂತ ಕಪ್ಪೆ ಮೂತ್ರಚೀಲದಲ್ಲಿ ನೀರು ತುಂಬಿಟ್ಟುಕೊಂಡಿರುತ್ತದೆ. ಬೇಕಾದಾಗ ಅಲ್ಲಿಂದಲೇ ಮೈಗೆ ವಾಪಸ್ ಎಳೆದುಕೊಳ್ಳುತ್ತದೆ. ಅದೇ ಅದರ ಕೃಷಿ ಹೊಂಡ. ಹೆದರಿ ಅದನ್ನು ನಿನ್ನ ಕೈಗೆ ಚೆಲ್ಲಿಬಿಟ್ಟಿತು.

"ಹಂಗಾರೆ ಬಾಯಾರ್ಕೆ ಆಗಿರ್ತದಾ?" ಅಂದ. ಬದುವಿನ ಪಕ್ಕದ ಕೆಸರಿನ ಮೇಲೆ ಮೆಲ್ಲಗೆ ಇಳಿಸಿದ. ಕಪ್ಪೆ ಹಾರಿಹೋಗಲಿಲ್ಲ. ಹಿಂಗಾಲು ಅಗಲ ಮಾಡಿ, ಹೊಟ್ಟೆಯನ್ನು ಕೆಸರಿಗೆ ಒತ್ತಿಕೊಂಡು ಅಲ್ಲೇ ಕೂತಿತು. ಅಜ್ಜಿಯೂ ಬಗ್ಗಿ ನೋಡಿದರು.