ಕಾರ್ವೆಟ್‌ಗೂ ರೇಡಿಯೋಗೂ ಯಾಕೆ ಆಗಿಬರಲಿಲ್ಲ: ಫೈಬರ್ ಬಾಡಿಯ ಹಳೇ ತಕರಾರು

ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರ ನಡುವೆ ಒಂದು ವಾದ ಮುಗಿಯುವುದೇ ಇಲ್ಲ. ಫೈಬರ್‌ಗ್ಲಾಸ್, ಅಂದರೆ ಗಾಜಿನ ನಾರು ಸೇರಿಸಿದ ಪ್ಲಾಸ್ಟಿಕ್ ಬಾಡಿಯ ಕಾರಿನಲ್ಲಿ, ಅದರಲ್ಲೂ ಅಮೆರಿಕದ ಕಾರ್ವೆಟ್‌ನಲ್ಲಿ, ರೇಡಿಯೋ ಯಾಕೆ ಸರಿಯಾಗಿ ಕೇಳಿಸುವುದಿಲ್ಲ? ಆಂಟೆನಾ ಬದಲಿಸಿ ಅನ್ನುತ್ತಾರೆ ಒಬ್ಬರು. ಸಿಗ್ನಲ್ ದೊಡ್ಡದು ಮಾಡುವ ಬೂಸ್ಟರ್ ಹಾಕಿ ಅನ್ನುತ್ತಾರೆ ಇನ್ನೊಬ್ಬರು. ಪ್ಲಗ್ ವೈರು ನೋಡಿದ್ರಾ ಅಂತ ಮೂರನೆಯವರ ಪ್ರಶ್ನೆ. ಎಲ್ಲ ಮಾಡಿ ಮುಗಿಸಿದವರು, ದುಡ್ಡು ಹೋಯಿತು ಕರಕರ ಹೋಗಲಿಲ್ಲ ಅಂತ ಬರೆದು ಸುಮ್ಮನಾಗುತ್ತಾರೆ. ಇಷ್ಟೊಂದು ಗೊಂದಲಕ್ಕೆ ಕಾರಣ ಇದೆ. ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ, ಅವು ಬಂದ ಕಾಲವೂ ಬೇರೆ, ಆದರೆ ಒಂದರ ಮದ್ದನ್ನು ಇನ್ನೊಂದಕ್ಕೆ ಹಚ್ಚುವುದು ಇವತ್ತಿಗೂ ನಿಂತಿಲ್ಲ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಅಮೆರಿಕದಲ್ಲಿ 1930ರಲ್ಲಿ ಗಾಲ್ವಿನ್ ಕಂಪನಿ ಮೋಟೊರೋಲಾ ಹೆಸರಿನಲ್ಲಿ ಕಾರ್ ರೇಡಿಯೋ ಮಾರಲು ಶುರು ಮಾಡಿತು. ಆಗಿನ ಕಾರುಗಳ ಛಾವಣಿಯ ನಡುಭಾಗ ಬಟ್ಟೆಯದು. ಅದರೊಳಗೆ ಕೋಳಿ ಗೂಡಿಗೆ ಹಾಕುವಂಥ ತಂತಿ ಜಾಲರಿ ಇರುತ್ತಿತ್ತು, ಅದನ್ನೇ ಆಂಟೆನಾ ಮಾಡಿಕೊಂಡರೆ ಕೆಲಸ ನಡೆಯುತ್ತಿತ್ತು. 1935ರ ಮಾಡೆಲ್‌ಗಳಿಗೆ ಜನರಲ್ ಮೋಟಾರ್ಸ್ ಪೂರ್ತಿ ಉಕ್ಕಿನ ಛಾವಣಿ ತಂದಿತು. ಜಾಲರಿಯ ಕಥೆ ಮುಗಿಯಿತು. ಆಂಟೆನಾ ಕೆಲವು ದಿನ ಕಾರಿನ ಮೆಟ್ಟಿಲ ಹಲಗೆಯ ಕೆಳಗೆ ಹೋಯಿತು, ಆಮೇಲೆ ನಾವೆಲ್ಲ ನೋಡಿರುವ ಕಡ್ಡಿಯಾಗಿ ಮೇಲೆ ಬಂತು.

ಉಕ್ಕಿನ ಬಾಡಿಯಿಂದ ಆದ ಉಪಕಾರ ಆಗ ಯಾರ ಕಣ್ಣಿಗೂ ಅಷ್ಟಾಗಿ ಬೀಳಲಿಲ್ಲ. ಇಂಜಿನ್ನಿನ ಕಿಡಿಯಿಂದ ಏಳುವ ಗದ್ದಲವನ್ನು ಬಾನೆಟ್ ತಗಡು ಒಳಗೇ ತಡೆಯುತ್ತಿತ್ತು. ಕಡ್ಡಿ ಆಂಟೆನಾಕ್ಕೆ ಬೇಕಾದ ಇನ್ನರ್ಧ, ಅಂದರೆ ಕೆಳಗಿನ ಲೋಹದ ಹಾಸು, ಚಕ್ರದ ಮೇಲಿನ ಬಾಡಿ ತಗಡು, ಅಂದರೆ ಫೆಂಡರ್ ಆಗಿತ್ತು. ಲೈಟಿಗೂ ಹಾರ್ನಿಗೂ ಅರ್ಥಿಂಗ್ ಅದೇ ಬಾಡಿ. ಎಲ್ಲ ಪುಕ್ಕಟೆ.

ಇನ್ನು 1953. ಜನವರಿಯಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನ ಪ್ರದರ್ಶನದಲ್ಲಿ ಷೆವರ್ಲೆ ಕಾರ್ವೆಟ್ ಕಾಣಿಸಿಕೊಂಡಿತು. ಆ ವರ್ಷ ಮಾಡಿದ್ದು ಬರೀ 300 ಕಾರು, ಎಲ್ಲ ಬಿಳಿ, ಒಳಗೆ ಕೆಂಪು. ಬಾಡಿ ಫೈಬರ್‌ಗ್ಲಾಸ್. ಉಕ್ಕಿನ ಬಾಡಿಗೆ ತಗಡು ಒತ್ತುವ ದೊಡ್ಡ ಡೈಗಳು (ಅಚ್ಚುಗಳು) ಬೇಕು, ಖರ್ಚು ಜಾಸ್ತಿ, ಸಮಯವೂ ಜಾಸ್ತಿ. ಇಷ್ಟು ಸಣ್ಣ ಸಂಖ್ಯೆಗೆ ಫೈಬರ್ರೇ ಲಾಭ ಅನ್ನುವುದು ಲೆಕ್ಕ. ಕಾರಿನ ಬೆಲೆ 3,498 ಡಾಲರ್, ರೇಡಿಯೋಗೆ ಬೇರೆ 145 ಡಾಲರ್. ಹೆಸರಿಗೆ ಅದು ಆಯ್ಕೆ, ಆದರೆ 300ಕ್ಕೆ 300 ಕಾರಿಗೂ ರೇಡಿಯೋ ಹಾಕಿಯೇ ಕಳಿಸಿದರು.

ಆಂಟೆನಾ ಎಲ್ಲಿಟ್ಟರು ಗೊತ್ತಾ? ಡಿಕ್ಕಿಯ ಮುಚ್ಚಳದೊಳಗೆ. ಫೈಬರ್ ಪದರಗಳ ನಡುವೆ ಒಂದು ಲೋಹದ ಜಾಲರಿ ಹುದುಗಿಸಿಬಿಟ್ಟರು. ಫೈಬರ್‌ಗ್ಲಾಸ್ ರೇಡಿಯೋ ಅಲೆಯನ್ನು ತಡೆಯುವುದಿಲ್ಲ, ಹಾಗಾಗಿ ಆಂಟೆನಾವನ್ನು ಹೊರಗಿಡುವ ಹಂಗೇ ಇಲ್ಲ. 20 ವರ್ಷದ ಹಿಂದಿನ ಬಟ್ಟೆ ಛಾವಣಿಯ ಉಪಾಯವೇ ಇದು, ಹೊಸ ವೇಷದಲ್ಲಿ. ಆ ಕಾಲದ ಎಎಂ (ಮೀಡಿಯಂ ವೇವ್) ಸ್ಟೇಷನ್ನುಗಳಿಗೆ ಇಷ್ಟು ಸಾಕಾಗಿತ್ತು. ಕಾರು ನೋಡಲೂ ನುಣ್ಣಗೆ, ಎಲ್ಲೂ ಕಡ್ಡಿ ಇಲ್ಲ. ನನ್ನನ್ನು ಕೇಳಿದರೆ, ಆಂಟೆನಾ ಕಾಣಬಾರದು ಅನ್ನುವ ಚಪಲ ಈ ಕಾರುಗಳಿಗೆ ಅಂಟಿಕೊಂಡದ್ದು ಆಗಲೇ. 1956ರ ಮಾಡೆಲ್‌ನಲ್ಲಿ ಜಾಲರಿ ಹೋಗಿ ಹಿಂಬದಿ ಫೆಂಡರ್ ಮೇಲೆ ಕಡ್ಡಿ ಬಂತು, ಆದರೆ ಚಪಲ ಹೋಗಲಿಲ್ಲ.

ಮೊದಲನೇ ತೊಂದರೆಗೆ ಬರೋಣ. ಆಗಿನ ನಿಜವಾದ ತಲೆನೋವು ಆಂಟೆನಾ ಅಲ್ಲ, ಕಿಡಿ. ರೇಡಿಯೋದ ಮೊದಲ ದಿನಗಳಲ್ಲಿ ಸಂದೇಶ ಕಳಿಸುತ್ತಿದ್ದದ್ದೇ ಕಿಡಿ ಹಾರಿಸಿ. ಪೆಟ್ರೋಲ್ ಇಂಜಿನ್ ಮಾಡುವುದೂ ಅದನ್ನೇ. ವೋಲ್ಟೇಜ್ ಏರಿಸುವ ಕಾಯಿಲ್‌ನಿಂದ, ಅದನ್ನು ಸರದಿಯಂತೆ ಹಂಚುವ ಡಿಸ್ಟ್ರಿಬ್ಯೂಟರಿಗೆ, ಅಲ್ಲಿಂದ ಕಿಡಿ ಹಾರಿಸುವ ಪ್ಲಗ್ಗಿಗೆ ಸಾವಿರಾರು ವೋಲ್ಟಿನ ಹೊಡೆತ ಹೋಗುತ್ತದೆ, ಪ್ರತಿ ಹೊಡೆತಕ್ಕೂ ಪ್ಲಗ್ ವೈರು ಆಂಟೆನಾದಂತೆ ಗದ್ದಲ ಉಗುಳುತ್ತದೆ. ಎಎಂ ರೇಡಿಯೋಗೆ ಈ ಗದ್ದಲ ಯಾವುದು, ಹಾಡು ಯಾವುದು ಅಂತ ಬೇರೆ ಮಾಡಲು ಬರುವುದಿಲ್ಲ. ಬಾನೆಟ್ ಫೈಬರ್ ಆದರೆ ತಡೆಯುವವರೂ ಇಲ್ಲ.

ಇದಕ್ಕೆ ಕಾರ್ಖಾನೆಯವರು ಕಂಡುಕೊಂಡ ದಾರಿ ಚೆನ್ನಾಗಿತ್ತು. ಬಾನೆಟ್ ತಡೆಯದಿದ್ದರೆ ಕಿಡಿಗೇ ತಗಡಿನ ಮನೆ ಕಟ್ಟೋಣ ಅಂದರು. ಡಿಸ್ಟ್ರಿಬ್ಯೂಟರಿನ ಮೇಲೆ ಒಂದು ಲೋಹದ ಕವಚ, ಪ್ಲಗ್ ವೈರುಗಳು ಇಳಿದುಹೋಗುವ ದಾರಿಯುದ್ದಕ್ಕೂ ಕವಚ. 60ರ ದಶಕದ ಕಾರ್ವೆಟ್ಟಿನ ಬಾನೆಟ್ ಎತ್ತಿದರೆ ಇಂಜಿನ್ ಹಿಂಭಾಗದಲ್ಲಿ ಫಳಫಳ ಹೊಳೆಯುವ ಕ್ರೋಮ್ ಪೆಟ್ಟಿಗೆ ಕಾಣುತ್ತದಲ್ಲ, ಅದು ಅಲಂಕಾರಕ್ಕೆ ಇಟ್ಟದ್ದಲ್ಲ, ರೇಡಿಯೋಗಾಗಿ ಇಟ್ಟದ್ದು. ಜೊತೆಗೆ ಇಂಜಿನ್ನಿಗೂ ಚಾಸಿಗೂ ನಡುವೆ ಹೆಣೆದ ತಾಮ್ರದ ಪಟ್ಟಿಗಳು, ಕವಚಕ್ಕೆ ಸಿಕ್ಕ ಗದ್ದಲ ಅರ್ಥ್‌ಗೆ ಇಳಿದುಹೋಗಲಿ ಅಂತ. ರೇಡಿಯೋ ಬೇಡ ಅಂದ ಗಿರಾಕಿಗೆ ಈ ಕವಚ ಕೊಡುತ್ತಲೇ ಇರಲಿಲ್ಲ. 1967ರ ಎಲ್88 ಅನ್ನುವ ರೇಸಿಂಗ್ ಇಂಜಿನ್ ತಗೊಂಡವರಿಗಂತೂ ರೇಡಿಯೋ, ಹೀಟರ್ ಎರಡೂ ಸಿಗುತ್ತಿರಲಿಲ್ಲ. ಆ ವರ್ಷ ಅಂಥ 20 ಕಾರು ಹೊರಬಂದವು.

ಇಂದಿನ ಗೋಳಿನಲ್ಲಿ ಮುಕ್ಕಾಲು ಪಾಲು ಇಲ್ಲಿಂದಲೇ. ಇಂಜಿನ್ ಟ್ಯೂನಿಂಗ್ ಮಾಡುವಾಗ ಕವಚ ಬಿಚ್ಚಬೇಕು, ಅದೊಂದು ಕಿರಿಕಿರಿ. ಬಿಚ್ಚಿದ್ದನ್ನು ಮತ್ತೆ ಹಾಕುವ ತಾಳ್ಮೆ ಎಷ್ಟು ಜನಕ್ಕಿರುತ್ತದೆ? ತಾಮ್ರದ ಪಟ್ಟಿ ತುಂಡಾದರೆ ಕಾರು ನಿಲ್ಲುವುದಿಲ್ಲ, ಹಾಗಾಗಿ ಯಾರೂ ಬದಲಿಸುವುದಿಲ್ಲ. ರೇಡಿಯೋ ಇಲ್ಲದೆ ಹುಟ್ಟಿದ ಕಾರಿಗೆ 30 ವರ್ಷದ ಮೇಲೆ ಯಾರೋ ರೇಡಿಯೋ ಕೂರಿಸುತ್ತಾರೆ, ಕವಚ ಅನ್ನುವುದೊಂದು ಇತ್ತು ಅಂತಲೇ ಅವರಿಗೆ ತಿಳಿದಿರುವುದಿಲ್ಲ. ಇದರ ಮೇಲೆ, ರೇಸಿಗೆ ಒಳ್ಳೆಯದು ಅಂತ ಲೋಹದ ಎಳೆಯ ಪ್ಲಗ್ ವೈರು ಹಾಕುವ ಷೋಕಿ. ಕಾರ್ಬನ್ ಎಳೆಯ ವೈರು, ರೆಸಿಸ್ಟರ್ ಪ್ಲಗ್ಗು ಬಂದದ್ದೇ ಈ ಗದ್ದಲ ಇಳಿಸಲು. ಪ್ಲಗ್ಗಿನ ನಂಬರಿನಲ್ಲಿ ಬಿಪಿಆರ್6ಇಎಸ್ ಅಂತ ಇರುವ ಆ ಆರ್ ಅಕ್ಷರ ಅದೇ.

ಎರಡನೇ ತೊಂದರೆ 1963ರಲ್ಲಿ ಬಂತು. ಸ್ಟಿಂಗ್ ರೇ ಅನ್ನುವ ಹೊಸ ಕಾರ್ವೆಟ್ ಮಾಡೆಲ್ ಬಂದ ಆ ವರ್ಷವೇ ಕಾರ್ವೆಟ್ಟಿಗೆ ಎಎಂ-ಎಫ್‌ಎಂ ರೇಡಿಯೋ ಸಿಗಲು ಶುರುವಾಯಿತು. ಎಫ್‌ಎಂ ಕಿಡಿಯ ಗದ್ದಲಕ್ಕೆ ಅಷ್ಟು ಬಗ್ಗುವುದಿಲ್ಲ, ಸಿಗ್ನಲ್ ಗಟ್ಟಿಯಾಗಿ ಸಿಕ್ಕರೆ. ಆದರೆ ಅದರ ಅಲೆ ಚಿಕ್ಕದು, ಸುಮಾರು 3 ಮೀಟರ್. ಅದರ ಕಾಲು ಭಾಗ 75 ಸೆಂಟಿಮೀಟರ್. ಕಾರಿನ ಆಂಟೆನಾ ಹೆಚ್ಚುಕಡಿಮೆ ಅಷ್ಟುದ್ದ ಇರುವುದು ಇದಕ್ಕೇ. ಇಂಥ ಕಡ್ಡಿ ಕೆಳಗೆ ಲೋಹದ ಹಾಸಿದ್ದರೆ ಮಾತ್ರ ಪೂರ್ತಿ ಕೆಲಸ ಮಾಡುತ್ತದೆ. ಫೈಬರ್ ಫೆಂಡರ್ ಮೇಲೆ ನಿಲ್ಲಿಸಿದರೆ ಅದು ಅರ್ಧ ಆಂಟೆನಾ. ಕೇಬಲ್ಲಿನ ಹೊರಪದರವೇ ಇನ್ನರ್ಧದ ಕೆಲಸಕ್ಕೆ ನಿಲ್ಲುತ್ತದೆ, ದಾರಿಯಲ್ಲಿ ಸಿಕ್ಕ ಗದ್ದಲವನ್ನೆಲ್ಲ ಜೊತೆಗೆ ತರುತ್ತದೆ.

ಆಮೇಲಿನದು ಬೇಗ ಹೇಳಿ ಮುಗಿಸಬಹುದು. 1975ರಲ್ಲಿ ಡಿಸ್ಟ್ರಿಬ್ಯೂಟರಿನೊಳಗೆ ಕರೆಂಟು ಕಡಿದು ಕಿಡಿ ಎಬ್ಬಿಸುತ್ತಿದ್ದ ಪಾಯಿಂಟ್ ಹೋಗಿ ಎಲೆಕ್ಟ್ರಾನಿಕ್ ಇಗ್ನಿಷನ್ ಬಂತು, 80ರ ದಶಕದಲ್ಲಿ ಮೋಟಾರಿನಿಂದ ಏರಿಳಿಯುವ ಆಂಟೆನಾ, ಬೋಸ್ ಸ್ಪೀಕರ್, ಆಮೇಲೆ ಕಣ್ಣಿಗೆ ಕಾಣದ ಆಂಟೆನಾಗಳು. ಇಂಗ್ಲೆಂಡಿನ ಲೋಟಸ್, ಟಿವಿಆರ್ ಕಾರಿನವರದ್ದೂ ಇದೇ ಪಾಡು. ನಮ್ಮ ಕಡೆಯಿಂದಲೂ ಒಂದು ಫೈಬರ್ ಕಾರು ಬಂದಿತ್ತು, ಬೆಂಗಳೂರಿನ ಸ್ಯಾನ್ ಕಂಪನಿಯ ಪುಟ್ಟ ಎರಡು ಸೀಟಿನ ಸ್ಯಾನ್ ಸ್ಟಾರ್ಮ್, ಗೋವಾದಲ್ಲಿ ತಯಾರಾಗುತ್ತಿತ್ತು. ಇವತ್ತು ಅದು ರಸ್ತೆಯಲ್ಲಿ ಕಂಡರೆ ಜನ ತಿರುಗಿ ನೋಡುತ್ತಾರೆ.

ಹಾಗಾದರೆ ಈಗ ಕಾರು ಕೈಯಲ್ಲಿರುವವರು ಏನು ಮಾಡಬೇಕು? ಅಂಗಡಿಗೆ ಹೋಗುವ ಮೊದಲು ಒಂದು ಪರೀಕ್ಷೆ. ಇಂಜಿನ್ ಆನ್ ಇಟ್ಟು, ರೇಡಿಯೋ ಹಿಂದಿನ ಆಂಟೆನಾ ವೈರು ಕಿತ್ತು ನೋಡಿ. ಕರಕರ ನಿಂತರೆ ಗದ್ದಲ ಗಾಳಿಯಲ್ಲಿ ಬಂದು ಆಂಟೆನಾ ಮೂಲಕ ಒಳಗೆ ಬರುತ್ತಿದೆ: ಕವಚ, ಪ್ಲಗ್, ಪ್ಲಗ್ ವೈರು ನೋಡಿ. ಕಿತ್ತರೂ ನಿಲ್ಲದಿದ್ದರೆ ಅದು ಕರೆಂಟಿನ ವೈರಿನಲ್ಲೇ ಬರುತ್ತಿದೆ. ಆಕ್ಸಿಲರೇಟರ್ ಒತ್ತಿದಷ್ಟೂ ಕುಯ್ ಅನ್ನುವ ದನಿ ಏರುತ್ತಿದ್ದರೆ ಆಲ್ಟರ್ನೇಟರ್ ಮೇಲೆ ಅನುಮಾನ ಪಡಿ, ಒಂದು ಫಿಲ್ಟರ್ ಸಾಕಾಗಬಹುದು. ಇಂಜಿನ್ ಆಫ್ ಇದ್ದಾಗಲೂ ಸ್ಟೇಷನ್ ಕ್ಷೀಣವಾಗಿದ್ದರೆ ಮಾತ್ರ ಆಂಟೆನಾ ಕಡೆ ಹೋಗಿ.

ಆಗಲೂ ಹೊಸ ಆಂಟೆನಾ ಕೊಳ್ಳುವ ಅವಸರ ಬೇಡ. ಫೆಂಡರ್ ಒಳಗೆ ಕೈ ಹಾಕಿ ಆಂಟೆನಾ ಬುಡದ ನಟ್ ಮುಟ್ಟಿ ನೋಡಿ. ಅಲ್ಲಿಂದ ಚಾಸಿಗೆ ಒಂದು ಅರ್ಥಿಂಗ್ ವೈರು ಇರಬೇಕು. ಹಳೇ ಕಾರಿನಲ್ಲಿ ಅದು ಹಸಿರು ಕಟ್ಟಿ ಪುಡಿಯಾಗಿರುತ್ತದೆ, ಇಲ್ಲವೇ ಚಾಸಿಗೆ ಬಳಿದ ಪೇಂಟಿನ ಮೇಲೇ ಬಿಗಿದಿರುತ್ತಾರೆ, ಅಂದರೆ ಸಂಪರ್ಕವೇ ಇಲ್ಲ. ಎಮರಿ ಪೇಪರ್ ಹಾಕಿ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮಲ್ಟಿಮೀಟರ್ ಇಡಿ. ಒಂದು ಓಮ್‌ಗಿಂತ ಕಡಿಮೆ ತೋರಿಸಬೇಕು. ಎಫ್‌ಎಂಗೆ ಇಷ್ಟೂ ಸಾಲದಿದ್ದರೆ ಫೆಂಡರಿನ ಒಳಮೈಗೆ ತಾಮ್ರದ ಜಾಲರಿಯನ್ನೋ ಅಲ್ಯೂಮಿನಿಯಂ ಹಾಳೆಯನ್ನೋ ಜಾಗ ಇರುವಷ್ಟು ಅಂಟಿಸಿ ಆಂಟೆನಾ ಬುಡಕ್ಕೆ ಸೇರಿಸಿ. ಇದೂ ರಗಳೆ ಅನಿಸಿದರೆ ಲೋಹದ ಹಾಸೇ ಬೇಡದ ಡೈಪೋಲ್ ಆಂಟೆನಾ ಇದೆ. ಫೈಬರ್ ದೋಣಿಗಳಲ್ಲಿ ವಿಎಚ್‌ಎಫ್ ರೇಡಿಯೋಗೆ ಹಾಸು ಬೇಡದ ಅರ್ಧ ಅಲೆಯ ಆಂಟೆನಾ ಹಾಕುವುದು ಮಾಮೂಲು, ಲೆಕ್ಕ ಅದೇ.

ಹಳೇ ಎಎಂ ಸೆಟ್ಟಿನಲ್ಲಿ ಇನ್ನೊಂದು ಸಣ್ಣ ಕೆಲಸ ಇದೆ, ಎಷ್ಟೋ ಜನ ಮರೆಯುತ್ತಾರೆ. ಆಂಟೆನಾ ಬದಲಿಸಿದಾಗ 1400 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಸಣ್ಣಗೆ ಕೇಳುವ ಸ್ಟೇಷನ್ ಹಿಡಿದು, ಸೆಟ್ಟಿನ ಟ್ರಿಮ್ಮರ್ ಸ್ಕ್ರೂವನ್ನು ದನಿ ಅತಿ ಜೋರಾಗುವ ಕಡೆಗೆ ತಿರುಗಿಸಬೇಕು. ಎರಡು ನಿಮಿಷದ ಕೆಲಸ.

ಬೂಸ್ಟರ್ ಬಗ್ಗೆ ಇಷ್ಟೇ: ಅದು ಹಾಡನ್ನೂ ದೊಡ್ಡದು ಮಾಡುತ್ತದೆ, ಕರಕರವನ್ನೂ ದೊಡ್ಡದು ಮಾಡುತ್ತದೆ. ಅರ್ಥಿಂಗ್ ಸರಿ ಮಾಡದೆ ಅದನ್ನು ಹಾಕಿದರೆ ದುಡ್ಡು ದಂಡ.

ಈಗ ಇದೇ ಗದ್ದಲದ ಜಗಳ ಬೇರೆ ಕಾರುಗಳಿಗೆ ಹಬ್ಬಿದೆ. ಎಲೆಕ್ಟ್ರಿಕ್ ಕಾರಿನ ಮೋಟಾರ್ ನಡೆಸುವ ಇನ್ವರ್ಟರ್ ಎಎಂ ಕೇಳಲು ಬಿಡುವುದಿಲ್ಲ ಅಂತ ಕೆಲವು ಕಂಪನಿಗಳು ಎಎಂ ರೇಡಿಯೋವನ್ನೇ ಕೈಬಿಟ್ಟವು. ಪ್ರತಿ ಕಾರಿನಲ್ಲೂ ಎಎಂ ಇರಲೇಬೇಕು ಅನ್ನುವ ಮಸೂದೆ 2023ರಲ್ಲಿ ಅಮೆರಿಕದ ಸಂಸತ್ತಿಗೆ ಬಂತು. ಕವಚ, ಫಿಲ್ಟರ್ ಹಾಕಿದರೆ ಖರ್ಚು, ತೂಕ ಎರಡೂ ಜಾಸ್ತಿ ಅನ್ನುವುದು ಕೈಬಿಟ್ಟವರ ಮಾತು. 70 ವರ್ಷದ ಹಿಂದೆ 300 ಕಾರಿಗೆ ಆ ಖರ್ಚು ಮಾಡಿದ್ದರು.