ಸರ್ವರ್ ಡೌನ್ ಅಂದ್ರೆ ಏನು ಡೌನ್?

ಪರೀಕ್ಷೆ ಫಲಿತಾಂಶದ ದಿನ ವೆಬ್‌ಸೈಟ್ ತೆರೆಯದಿದ್ದರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಸರ್ವರ್ ಡೌನ್." ಅದರ ಬೆನ್ನಿಗೇ ಇನ್ನೊಂದು: "ದೊಡ್ಡ ಮಷಿನ್ ಹಾಕ್ಬೇಕಿತ್ತು." ಈ ಎರಡನೇ ಮಾತು ಕೇಳಿದರೆ ನನಗೆ ರೇಗುತ್ತದೆ. ಎಷ್ಟೋ ಸಲ ಮಷಿನ್ ಸುಮ್ನೆ ಕೂತಿರುತ್ತದೆ. ತಪ್ಪಿರುವುದು ಲೆಕ್ಕ.

1993ರಲ್ಲಿ ಅಮೆರಿಕದ ಎನ್‌ಸಿಎಸ್‌ಎ ಎಂಬ ಕಂಪ್ಯೂಟರ್ ಸಂಶೋಧನಾ ಕೇಂದ್ರದಲ್ಲಿ ಸಿಜಿಐ ಎಂಬ ವ್ಯವಸ್ಥೆ ಹುಟ್ಟಿತು. ಸರ್ವರ್ ಇಟ್ಟಿದ್ದ ಫೈಲ್ ಎತ್ತಿಕೊಡುವುದಷ್ಟೇ ಅಲ್ಲ, ಪ್ರೋಗ್ರಾಂ ಓಡಿಸಿ ಉತ್ತರವನ್ನೂ ತಯಾರಿಸತೊಡಗಿತು. ಆದರೆ ಪ್ರತಿ ಕೋರಿಕೆಗೂ ಹೊಸ ಪ್ರಾಸೆಸ್, ಅಂದರೆ ಪ್ರೋಗ್ರಾಂ ಮತ್ತೆ ಮೊದಲಿಂದ ಶುರು. ಒಂದು ದೋಸೆಗೆ ಆರ್ಡರ್ ಬಂದಾಗ ಭಟ್ಟರನ್ನು ಊರಿಂದ ಕರೆಸಿ, ಒಲೆ ಹಚ್ಚಿ, ಕಾವಲಿ ಕಾಯಿಸಿ, ದೋಸೆ ಹುಯ್ಯಿಸಿ, ಒಲೆ ಆರಿಸಿ ಭಟ್ಟರನ್ನು ವಾಪಸ್ ಬಸ್ ಹತ್ತಿಸಿದ ಹಾಗೆ! 1997ರಲ್ಲಿ ಸನ್ ಎಂಬ ಕಂಪ್ಯೂಟರ್ ಕಂಪನಿಯ ಸರ್ವ್‌ಲೆಟ್ ಬಂತು: ಪ್ರೋಗ್ರಾಂ ಒಮ್ಮೆ ಶುರುವಾದರೆ ಮುಂದಿನ ಕೋರಿಕೆಗಳಿಗೂ ಅದೇ. ಭಟ್ಟರು ಬೆಳಿಗ್ಗೆಯೇ ಹಾಜರ್, ಕಾವಲಿ ಕಾದೇ ಇರುತ್ತದೆ.

ಅಂಕಗಳಂಥ ಮಾಹಿತಿಯನ್ನು ಕೂಡಿಡುವ ಡೇಟಾಬೇಸ್‌ಗೆ ಪ್ರೋಗ್ರಾಂ ಸಂಪರ್ಕ ಜೋಡಿಸುವುದರದ್ದೂ ಇದೇ ಕತೆ. ಪ್ರತಿ ಸಲ ಹೊಸದಾಗಿ ಜೋಡಿಸುವುದು ದುಬಾರಿ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಂತೂ ಒಂದೊಂದು ಸಂಪರ್ಕಕ್ಕೂ ಒಂದೊಂದು ಪ್ರಾಸೆಸ್ ಏಳುತ್ತದೆ. ಅದಕ್ಕೇ ಪೂಲ್: ಕೆಲವನ್ನು ಮೊದಲೇ ತೆರೆದಿಡುವುದು, ಬೇಕಾದವರು ಬಳಸಿ ಮರಳಿಸುವುದು. ಊರ ಸಂಘದ ಹಂಡೆ, ಕೊಳಗಗಳನ್ನು ಮದುವೆಗೆ ತಂದು, ತೊಳೆದು ವಾಪಸ್ ಕೊಡುತ್ತೇವಲ್ಲ, ಹಾಗೆ. ಒಬ್ಬರು ಕೊಡೋದು ಮರೆತರೆ ಮುಂದಿನ ಮದುವೆಗೆ ಹಂಡೆ ಇಲ್ಲ. ಪ್ರೋಗ್ರಾಮರ್‌ಗಳು ಇದನ್ನೇ ಲೀಕ್ ಅನ್ನುತ್ತಾರೆ.

ಸರಿ, ಹಂಡೆ ಎಷ್ಟಿರಬೇಕು? 1961ರಲ್ಲಿ ಜಾನ್ ಲಿಟಲ್ ಎಂಬ ಅಮೆರಿಕದ ಸಂಶೋಧಕ ಒಂದು ಸೂತ್ರವನ್ನು ಸಾಧಿಸಿ ತೋರಿಸಿದ. ಸೆಕೆಂಡಿಗೆ ಸರಾಸರಿ ಎಷ್ಟು ಜನ ಬರುತ್ತಾರೆ, ಒಬ್ಬೊಬ್ಬರು ಎಷ್ಟು ಹೊತ್ತು ಒಳಗಿರುತ್ತಾರೆ, ಎರಡನ್ನೂ ಗುಣಿಸಿ. ಒಳಗೆ ಸರಾಸರಿ ಅಷ್ಟು ಜನ. ಬ್ಯಾಂಕ್ ಕೌಂಟರ್ ಆಗಲಿ, ದರ್ಶಿನಿ ಆಗಲಿ, ಸರ್ವರ್ ಆಗಲಿ, ಅದಕ್ಕೆ ಭೇದವಿಲ್ಲ. ಇಷ್ಟು ಚಿಕ್ಕ ಸೂತ್ರ ಇಷ್ಟೆಲ್ಲ ಕಡೆ ನಡೆಯುವುದು ನನಗೆ ಈಗಲೂ ಮಜಾ ಅನ್ನಿಸುತ್ತದೆ. ಸೆಕೆಂಡಿಗೆ 200 ಕೋರಿಕೆ, ಒಂದಕ್ಕೆ 0.05 ಸೆಕೆಂಡು ಅಂದರೆ 10 ಸಂಪರ್ಕ. ಬರೀ ಹತ್ತು! ಏರಿಳಿತಕ್ಕೆ ನಾಲ್ಕಾರು ಜಾಸ್ತಿ ಇಟ್ಟುಕೊಂಡರಾಯಿತು.

ಈಗ ನೋಂದಣಿ ಸಂಖ್ಯೆಗೆ ಇಂಡೆಕ್ಸ್, ಅಂದರೆ ಪುಸ್ತಕದ ಕೊನೆಯಲ್ಲಿರುವಂಥ ಸೂಚಿ, ಹಾಕಲು ಯಾರೋ ಮರೆತರು ಅನ್ನಿ. ಒಬ್ಬ ಹುಡುಗಿಯ ಅಂಕ ಹುಡುಕಲು ಪೂರ್ತಿ ಪಟ್ಟಿಯನ್ನೇ ಓದಬೇಕು. ಹೊತ್ತು 0.5 ಸೆಕೆಂಡಿಗೆ ಏರಿತು. ಈಗ ಬೇಕಾದದ್ದು 100 ಸಂಪರ್ಕ. ಪೋಸ್ಟ್‌ಗ್ರೆಸ್‌ನ ಮೂಲ ಮಿತಿಯೇ 100, ಅದರಲ್ಲೂ 3 ನಿರ್ವಾಹಕರಿಗೆ ಮೀಸಲು. ಮಿತಿ ಏರಿಸಿದರೂ ಕಾವಲಿ ಒಂದೇ ಇದ್ದಲ್ಲಿ ನೂರು ಭಟ್ಟರನ್ನು ನಿಲ್ಲಿಸಿದ ಹಾಗಾಗಬಹುದು. ಹತ್ತೇ ಇಟ್ಟರೆ ಸೆಕೆಂಡಿಗೆ 20 ಜನ ಹೊರಬರುತ್ತಾರೆ, 180 ಜನ ಸರದಿಗೆ ಸೇರುತ್ತಾರೆ. ಮುಂದಿನ ಸೆಕೆಂಡಿಗೆ ಇನ್ನೂ 180.

ಅಷ್ಟರಲ್ಲಿ ಮನೆಯಲ್ಲಿ ಕೂತ ನಾವು ತಡೆಯಲಾರದೆ ರಿಫ್ರೆಶ್ ಒತ್ತುತ್ತೇವೆ. ಅದೂ ಒಂದು ಹೊಸ ಕೋರಿಕೆಯೇ, ಅಲ್ವಾ?